ಬಾಳಿಕೆಯ ಲೆಕ್ಕದಲ್ಲಿ ಹೆಣ್ಣಿನ ಹೆಸರು

ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಒಂದು ಅರ್ಜಿಯನ್ನು ತುಂಬಿಸಿಕೊಳ್ಳುವ ರೂಢಿ ಉಂಟು. ತಂದೆಯ ಹೆಸರು, ತಾಯಿಯ ಹೆಸರು, ಇಬ್ಬರ ಉದ್ಯೋಗ, ಮನೆಯ ವಿಳಾಸ, ಹೀಗೆ. ಬರೆಯಲು ಬಾರದ ತಾಯಂದಿರು ಬಂದರೆ ಆ ಅರ್ಜಿಯನ್ನು ಮಾಸ್ತರರಾದ ನಾವೇ ತುಂಬುತ್ತೇವೆ. ಹೊನ್ನಾವರದ ಬಳಿಯ ಕರ್ಕಿಯ ಸುತ್ತಮುತ್ತ ನಾನು ಈ ಕೆಲಸವನ್ನು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಮಾಡಿದ್ದೇನೆ. ತಂದೆಯ ಉದ್ಯೋಗ ಏನೆಂದು ಕೇಳಿ ಬರೆಯುತ್ತಿದ್ದೆ: ಮೀನುಗಾರಿಕೆ, ತೋಟದ ಕೆಲಸ, ರಿಕ್ಷಾ ಓಡಿಸುವುದು. ತಾಯಿಯ ಉದ್ಯೋಗದ ಮುಂದೆ ಮಾತ್ರ, ಕೇಳದೆಯೇ, 'ಮನೆಗೆಲಸ' ಎಂದು ಬರೆಯುತ್ತಿದ್ದೆ. ನನ್ನ ಮೇಜಿನ ಎದುರು ನಿಂತ ಆ ತಾಯಿಯ ಬೆರಳುಗಳು ಉಪ್ಪು ತಿಂದು ಬಿರಿದಿರುತ್ತಿದ್ದುವು. ಸೀರೆಗೆ ಒಣಮೀನಿನ ವಾಸನೆ ಇರುತ್ತಿತ್ತು. ಅವಳು ನಸುಕಿನಲ್ಲಿ ಎದ್ದು ಕಡಲದಂಡೆಗೆ ಹೋಗಿ, ಕೆಲಸ ಮುಗಿಸಿ, ಅಲ್ಲಿಂದಲೇ ಶಾಲೆಗೆ ಬಂದವಳೆಂದು ನೋಡಿದರೇ ತಿಳಿಯುತ್ತಿತ್ತು. ಆದರೂ ನನ್ನ ಲೇಖನಿ ಆ ಒಂದು ಶಬ್ದವನ್ನು ಬಿಟ್ಟು ಬೇರೆಯದನ್ನು ಬರೆಯಲಿಲ್ಲ. ಶಬ್ದಗಳನ್ನು ತೂಗಿ ಬಳಸಬೇಕೆಂದು ಪಂಡಿತ ಪರೀಕ್ಷೆಗೆ ಓದುವಾಗ ಕಲಿತವನು ನಾನು.

ಈ ಸಣ್ಣ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುವುದಕ್ಕೆ ಕಾರಣವಿದೆ. ಇಂದು ನಾನು ಮಾತನಾಡಬೇಕಾದದ್ದು ದೊಡ್ಡ ಕಂಪನಿಗಳ ಲೆಕ್ಕಪುಸ್ತಕದ ಬಗ್ಗೆ. ಅವರ ಪುಸ್ತಕದಲ್ಲಿ ಆಗಿರುವ ತಪ್ಪೂ ನನ್ನ ಅರ್ಜಿಯಲ್ಲಿ ಆದ ತಪ್ಪೂ ಒಂದೇ ಜಾತಿಯವು. ಅವರದು ಗಾತ್ರದಲ್ಲಿ ದೊಡ್ಡದು, ಅಷ್ಟೆ.

ಈಚಿನ ವರ್ಷಗಳಲ್ಲಿ ಕಂಪನಿಗಳ ಬಾಯಲ್ಲಿ ಒಂದು ಮಾತು ಓಡಾಡುತ್ತಿದೆ: ಸುಸ್ಥಿರತೆ. ಲಾಭವನ್ನು ಗಳಿಸಿದರೆ ಸಾಲದು. ನೀರು, ಗಾಳಿ, ಕಾಡು, ದುಡಿಯುವ ಜನ, ಸುತ್ತಲಿನ ಊರು, ಇವುಗಳನ್ನು ಕೆಡಿಸದೆ ಗಳಿಸಬೇಕು. ಹಾಗೆ ಗಳಿಸಿದ್ದೇವೆ ಎಂಬುದನ್ನು ವರ್ಷಕ್ಕೊಮ್ಮೆ ಬರೆದು ತೋರಿಸಬೇಕು ಎಂಬುದು ಅದರ ತಾತ್ಪರ್ಯ. ಶಬ್ದವೇನೋ ಚೆನ್ನಾಗಿದೆ, ವ್ಯಾಕರಣದೋಷವಿಲ್ಲ. ಆದರೆ ನಮ್ಮ ಮನೆಗಳಲ್ಲಿ ಇದಕ್ಕೆ ಹಳೆಯ ಮಾತೊಂದಿದೆ: ಬಾಳಿಕೆ. 'ಈ ಬುಟ್ಟಿ ಬಾಳಿಕೆ ಬಂತು' ಎನ್ನುತ್ತೇವೆ, 'ಆ ಚಾಪೆ ಬಾಳಿಕೆ ಬರಲಿಲ್ಲ' ಎನ್ನುತ್ತೇವೆ. ವಸ್ತು ಬಹುಕಾಲ ಉಳಿಯುವುದಕ್ಕೂ ಮನುಷ್ಯರು ಬದುಕುವುದಕ್ಕೂ ಕನ್ನಡದಲ್ಲಿ ಒಂದೇ ಧಾತು, 'ಬಾಳ್'. ಸುಸ್ಥಿರ ಎಂದಾಗ ಕಣ್ಣ ಮುಂದೆ ಬರುವುದು ಕದಲದೆ ನಿಂತ ಕಂಬ. ಬಾಳಿಕೆ ಎಂದಾಗ ಯಾರ ಬಾಳು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆದ್ದರಿಂದ ನಾನು ಈ ಎರಡನೆಯ ಮಾತನ್ನೇ ಬಳಸುತ್ತೇನೆ.

ಈ ಬಾಳಿಕೆಯ ಲೆಕ್ಕದಲ್ಲಿ ಮನುಷ್ಯರ ಹಕ್ಕುಗಳೂ ಸೇರಬೇಕೆಂಬ ವಿಚಾರ ಹೊಸದಲ್ಲ. ೨೦೧೧ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ವ್ಯಾಪಾರ ಸಂಸ್ಥೆಗಳಿಗಾಗಿ ಕೆಲವು ಮಾರ್ಗದರ್ಶಿ ಸೂತ್ರಗಳನ್ನು ಅಂಗೀಕರಿಸಿತು. ಹಕ್ಕನ್ನು ಕಾಪಾಡುವುದು ಸರಕಾರದ ಕರ್ತವ್ಯ. ಅದನ್ನು ಮೀರದಿರುವುದು ಕಂಪನಿಯ ಹೊಣೆ. ಮೀರಿದಾಗ ನೊಂದವರಿಗೆ ಪರಿಹಾರದ ದಾರಿ ಇರಬೇಕು. ಅದರ ಸಾರವಿಷ್ಟೆ. ನಮ್ಮ ಕೇಂದ್ರ ಸರಕಾರ ೨೦೧೯ರಲ್ಲಿ ಹೊರಡಿಸಿದ ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕುಗಳದೇ. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಮಂಡಳಿ ೨೦೨೧ರಲ್ಲಿ ಹೊಸ ವರದಿಯ ನಮೂನೆಯನ್ನು ಗೊತ್ತುಮಾಡಿ, ೨೦೨೨-೨೩ನೆಯ ಸಾಲಿನಿಂದ ಪೇಟೆಯ ಮೊದಲ ಸಾವಿರ ಕಂಪನಿಗಳು ಅದನ್ನು ತುಂಬಲೇಬೇಕೆಂದು ವಿಧಿಸಿತು. ನೌಕರರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಲೈಂಗಿಕ ಕಿರುಕುಳದ ದೂರುಗಳೆಷ್ಟು ಎಂದು ಆ ನಮೂನೆ ಕೇಳುತ್ತದೆ. ೨೦೨೩ರಲ್ಲಿ ಇನ್ನೊಂದು ಪ್ರಶ್ನೆ ಸೇರಿತು: ಕೊಟ್ಟ ಒಟ್ಟು ಸಂಬಳದಲ್ಲಿ ಹೆಂಗಸರ ಕೈಗೆ ಹೋದದ್ದು ನೂರಕ್ಕೆಷ್ಟು? ಒಳ್ಳೆಯ ಪ್ರಶ್ನೆ. ತಲೆಗಳನ್ನು ಎಣಿಸಿ ತೃಪ್ತಿಪಡುವವರನ್ನು ಕೈಗಳನ್ನು ನೋಡುವಂತೆ ಮಾಡುತ್ತದೆ.

ತೊಡಕಿರುವುದು ಮುಂದೆ. ಈ ನಮೂನೆ ಕಂಪನಿಯ ಗೇಟಿನ ಒಳಗೆ ಇರುವವರನ್ನು ಕಾಣುತ್ತದೆ. ಗೇಟಿನ ಹೊರಗಿದ್ದು ಅದೇ ಕಂಪನಿಗಾಗಿ ದುಡಿಯುವವರು, ಅದೇ ಕಂಪನಿಯಿಂದ ಜಾಗ ಕಳೆದುಕೊಳ್ಳುವವರು, ಅದಕ್ಕೆ ಮಸುಕುಮಸುಕು. ಸರಕು ಒದಗಿಸುವವರ ವಿವರವನ್ನೂ ಕೊಡಬೇಕೆಂದು ಮೊದಲು ಯೋಚಿಸಿದ್ದರು. ಅದನ್ನು ದೊಡ್ಡ ಇನ್ನೂರೈವತ್ತು ಕಂಪನಿಗಳಿಗೆ ಸೀಮಿತಗೊಳಿಸಿ, ೨೦೨೫ರಲ್ಲಿ ಅವರವರ ಇಷ್ಟಕ್ಕೆ ಬಿಟ್ಟರು. ಅದರಲ್ಲಿಯೂ ಕಂಪನಿಯ ಖರೀದಿ ಅಥವಾ ಮಾರಾಟದಲ್ಲಿ ನೂರಕ್ಕೆ ಎರಡು ಪಾಲಿನಷ್ಟಾದರೂ ಇರುವವನು ಮಾತ್ರ ಲೆಕ್ಕಕ್ಕೆ ಸೇರುತ್ತಾನೆ. ಶರಾವತಿಯ ದಂಡೆಯಲ್ಲಿ ಬುಟ್ಟಿ ಹಿಡಿದು ಕುಳಿತವಳು ಯಾವ ಕಂಪನಿಯ ನೂರಕ್ಕೆ ಎರಡು ಪಾಲಾಗಬಲ್ಲಳು?

ಅವಳನ್ನು ನೋಡಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಕರ್ಕಿಯಿಂದ ಹೊನ್ನಾವರ ಪೇಟೆಯನ್ನು ಹಾದು, ಶರಾವತಿಯ ಸೇತುವೆಯನ್ನು ದಾಟಿದರೆ ಕಾಸರಕೋಡು. ಹೊಳೆ ಕಡಲನ್ನು ಸೇರುವಲ್ಲಿ ಚಾಚಿಕೊಂಡಿರುವ ಮರಳಿನ ನಾಲಗೆಯೇ ಟೊಂಕ. ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದವೆಂದರೆ ಈ ಮರಳು ಬರಿಯ ಮರಳಾಗಿ ಉಳಿಯುವುದಿಲ್ಲ. ಅದೊಂದು ದೊಡ್ಡ ಕಾರ್ಖಾನೆಯೇ ಆಗುತ್ತದೆ, ಗೋಡೆಯಿಲ್ಲದ, ಹಾಜರಿಪಟ್ಟಿಯಿಲ್ಲದ ಕಾರ್ಖಾನೆ. ದೋಣಿಯಿಂದ ಇಳಿದ ಮೀನನ್ನು ಹೆಂಗಸರು ಕೂಗಿ ಕೊಳ್ಳುತ್ತಾರೆ. ಸಣ್ಣ ಮೀನು, ಶೆಟ್ಲಿ, ಇವುಗಳನ್ನು ಹಾಗೆಯೇ ಹರವುತ್ತಾರೆ. ಬಂಗಡೆಯಂಥದನ್ನು ಸೀಳಿ, ತೊಳೆದು, ಉಪ್ಪು ಸವರಿ, ತೊಟ್ಟಿಯಲ್ಲಿಟ್ಟು, ಮರುದಿನ ಬಿಸಿಲಿಗೆ ಹಾಕುತ್ತಾರೆ. ಹೊತ್ತುಹೊತ್ತಿಗೆ ತಿರುವಬೇಕು, ಕಾಗೆ, ಹದ್ದು, ನಾಯಿಗಳನ್ನು ಕಾಯಬೇಕು, ಮೋಡ ಕವಿದರೆ ಓಡಿ ರಾಶಿಮಾಡಬೇಕು. ಅರ್ಧ ತಾಸು ತಡವಾದರೆ ಸಾಲ ತಂದು ಕೊಂಡ ಮೀನು ಗೊಬ್ಬರದ ಬೆಲೆಗೆ ಇಳಿಯುತ್ತದೆ. ಜೂನ್ ಒಂದರಿಂದ ಜುಲೈ ಮೂವತ್ತೊಂದರ ವರೆಗೆ ಯಂತ್ರದ ದೋಣಿಗಳಿಗೆ ಕಡಲು ನಿಷಿದ್ಧ. ಆ ಅರುವತ್ತೊಂದು ದಿನ ಎಷ್ಟೋ ಮನೆಗಳ ಅನ್ನಕ್ಕೆ ಸಾರಾಗುವುದು, ಘಟ್ಟದ ಮೇಲಿನ ಸಂತೆಗಳಿಗೆ ಏರುವುದು, ಬೇಸಗೆಯಲ್ಲಿ ಈ ಹೆಂಗಸರು ಒಣಗಿಸಿಟ್ಟ ಮೀನು. ಮುಂದಿನ ಕಾಲಕ್ಕೆಂದು ತೆಗೆದಿಡುವ ವಿದ್ಯೆಯೇ ಬಾಳಿಕೆಯ ವಿದ್ಯೆಯಾದರೆ ಇವರಿಗೆ ಅದನ್ನು ಹೇಳಿಕೊಡಲು ಯಾವ ಕಂಪನಿಯ ಅಧಿಕಾರಿಯೂ ಬರಬೇಕಾಗಿಲ್ಲ.

ಇದೇ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರೊಂದನ್ನು ಕಟ್ಟಲು ೨೦೧೦ರಲ್ಲಿ ರಾಜ್ಯ ಸರಕಾರ ಕಂಪನಿಯೊಂದಕ್ಕೆ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಮುಂದೆ ನಡೆದ ಜಗ್ಗಾಟ ಪತ್ರಿಕೆಗಳನ್ನು ಓದುವವರಿಗೆಲ್ಲ ತಿಳಿದದ್ದೇ. ೨೦೨೨ರಲ್ಲಿಯೂ ೨೦೨೪ರಲ್ಲಿಯೂ ಪೋಲೀಸರ ಕಾವಲಿನಲ್ಲಿ ಕೆಲಸ ಮುಂದುವರಿದಾಗ ಮೀನುಗಾರರು ಅಡ್ಡ ನಿಂತರು. ಅವರಲ್ಲಿ ಹೆಂಗಸರು ಮುಂದಿನ ಸಾಲಿನಲ್ಲಿದ್ದರು. ಬಂದರು ಬೇಕೆ, ಬೇಡವೆ ಎಂಬುದು ನನ್ನ ಇಂದಿನ ವಿಷಯವಲ್ಲ. ಅದಕ್ಕೆ ನ್ಯಾಯಾಲಯಗಳಿವೆ, ತಿಳಿದವರಿದ್ದಾರೆ. ನನ್ನ ಪ್ರಶ್ನೆ ಲೆಕ್ಕದ್ದು. ದೋಣಿ ಇದ್ದವನ ಹತ್ತಿರ ದೋಣಿಯ ನೋಂದಣಿ ಇದೆ. ಮನೆ ಇದ್ದವನ ಹತ್ತಿರ, ಪಟ್ಟಾ ಇಲ್ಲದಿದ್ದರೂ, ಮನೆಯ ನಂಬರಾದರೂ ಇದೆ. ಮೀನು ಹರವಿದ ಮರಳಿಗೆ ಏನಿದೆ? ಅಲ್ಲಿ ಅವಳ ಅತ್ತೆ ಒಣಗಿಸಿದ್ದಳು, ಅತ್ತೆಯ ಅತ್ತೆ ಒಣಗಿಸಿದ್ದಳು. ಆದರೆ ಮರಳು ಸರಕಾರದ್ದು. ಸ್ವಾಧೀನಪಡಿಸಿಕೊಳ್ಳುವ ಮಾತೇ ಅಲ್ಲಿ ಏಳದ ಮೇಲೆ ನಷ್ಟದ ಮಾತು ಎಲ್ಲಿ ಏಳಬೇಕು?

ಅದೇ ಕಾಸರಕೋಡಿನ ಇನ್ನೊಂದು ಕಡಲತೀರಕ್ಕೆ ೨೦೨೦ರಲ್ಲಿ 'ನೀಲಿ ಬಾವುಟ'ದ ಮನ್ನಣೆ ಬಂತು. ನೀರಿನ ಶುದ್ಧಿ, ಸುರಕ್ಷತೆ, ತೀರದ ನಿರ್ವಹಣೆ ಎಂದು ಮೂವತ್ತಮೂರು ಮಾನದಂಡಗಳಿಂದ ಅಳೆದು ಕೊಡುವ ಅಂತರರಾಷ್ಟ್ರೀಯ ಮನ್ನಣೆ ಅದು, ಊರಿಗೆ ಹೆಮ್ಮೆಯೇ. ಟೊಂಕದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ೧೯೭೨ರ ವನ್ಯಜೀವಿ ಕಾಯದೆಯ ರಕ್ಷೆ ಆ ಪ್ರಾಣಿಗಿದೆ, ಅರಣ್ಯ ಇಲಾಖೆಯವರು ಗೂಡುಗಳನ್ನು ಕಾಯುತ್ತಾರೆ. ಇದು ಆಗಬೇಕಾದ ಕೆಲಸ. ಆಮೆಯನ್ನೂ ಹೆಂಗಸನ್ನೂ ತಕ್ಕಡಿಯ ಎರಡು ಕಡೆ ಕೂರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಮರಳನ್ನು ಹಂಚಿಕೊಂಡು ಇಬ್ಬರೂ ಬಾಳಿದವರು. ಆದರೆ ಅಲೆಗೆ ಬಾವುಟವೂ ಆಮೆಗೆ ಕಾಯದೆಯೂ ದೊರೆತ ದಂಡೆಯಲ್ಲಿ, ಮೀನು ಒಣಗಿಸುವವಳ ಹೆಸರಿಗೊಂದು ಸಾಲು ದೊರೆಯಬಾರದೆ?

ದೊರೆಯಬೇಕೆಂದು ಕಾನೂನೇ ಹೇಳಿದೆ. ಸಮುದ್ರದಂಡೆಯ ವಲಯಗಳನ್ನು ಕುರಿತ ೨೦೧೧ರ ಅಧಿಸೂಚನೆಯಲ್ಲಿ, ಮೀನುಗಾರರ ಹಳ್ಳಿಗಳನ್ನೂ ಅವರ ಸಾಮೂಹಿಕ ಆಸ್ತಿಗಳನ್ನೂ ಮೀನು ಒಣಗಿಸುವ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಒಣಗಿಸುವ ಜಾಗ ಎಂಬ ಶಬ್ದವೇ ಅಲ್ಲಿದೆ! ಅದನ್ನು ಓದಿದ ದಿನ ನನಗೆ, ಹಳೆಯ ಓಲೆಗರಿಯಲ್ಲಿ ಕಾಣೆಯಾದ ಪದ ದೊರೆತಷ್ಟು ಸಂತೋಷವಾಯಿತು. ಭೂಸ್ವಾಧೀನವನ್ನು ಕುರಿತ ೨೦೧೩ರ ಕಾಯದೆಯೂ ಹೀಗೆಯೇ. ನೀರನ್ನು ನಂಬಿ ಬದುಕುವ ಮೀನುಗಾರರನ್ನು ಅದು ಬಾಧಿತ ಕುಟುಂಬಗಳಲ್ಲಿ ಸೇರಿಸುತ್ತದೆ. ವಿಧವೆಯನ್ನೂ ಗಂಡ ಬಿಟ್ಟವಳನ್ನೂ ಪ್ರತ್ಯೇಕ ಕುಟುಂಬವೆಂದೇ ಎಣಿಸುತ್ತದೆ. ಅಂದಮೇಲೆ ಹಗ್ಗ ಇದೆ, ಬಾವಿ ಇದೆ. ಕೊಡಪಾನ ಇಳಿಸುವವರು ಬೇಕು. ಕಂಪನಿಯೊಂದು ತನ್ನ ಬಾಳಿಕೆಯ ವರದಿಯನ್ನು ಬರೆಯುವ ಮೊದಲು, ಆ ನಕ್ಷೆಯಲ್ಲಿ ಒಣಗಿಸುವ ಜಾಗ ಬಂದಿದೆಯೇ, ಬಂದಿದ್ದರೆ ಅಲ್ಲಿ ಯಾರು ಯಾರು ಕೆಲಸ ಮಾಡುತ್ತಾರೆ ಎಂದು ದಂಡೆಗೆ ಇಳಿದು ಕೇಳಿ ಹೆಸರು ಹಿಡಿದು ಬರೆಯಲಿ. ಗಂಡನನ್ನಲ್ಲ, ಊರಿನ ಮುಖಂಡನನ್ನಲ್ಲ, ಅವಳನ್ನೇ ಕೇಳಲಿ.

ಗೇಟಿನ ಒಳಗೆ ಇರುವವರ ಸ್ಥಿತಿಯಾದರೂ ನೆಟ್ಟಗಿದೆಯೆ ಎಂದರೆ, ಗೇರುಬೀಜದ ಕೆಲಸವನ್ನು ನೋಡಬೇಕು. ಕುಮಟಾ, ಹೊನ್ನಾವರಗಳಿಂದ ಹಿಡಿದು ಮಂಗಳೂರು, ಕೊಲ್ಲಂಗಳ ವರೆಗೆ ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಗೊತ್ತಿರುವ ಉದ್ಯೋಗ ಅದು. ಬೀಜವನ್ನು ಹುರಿಯುವ ಇಲ್ಲವೆ ಬೇಯಿಸುವ ಕೆಲಸ ಸಾಮಾನ್ಯವಾಗಿ ಗಂಡಸರದು. ಅದಕ್ಕೆ ದಿನಗೂಲಿ ಅಥವಾ ತಿಂಗಳ ಸಂಬಳ. ಒಡೆಯುವುದು, ಒಳಸಿಪ್ಪೆ ಬಿಡಿಸುವುದು, ಗಾತ್ರ ನೋಡಿ ವಿಂಗಡಿಸುವುದು ಹೆಂಗಸರ ಪಾಲು. ಒಡೆಯುವುದಕ್ಕೂ ಸಿಪ್ಪೆ ಬಿಡಿಸುವುದಕ್ಕೂ ತೂಕದ ಮೇಲೆ ಕೂಲಿ. ಬೀಜದ ಓಡಿನಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ಬೂದಿಯನ್ನೋ ಎಣ್ಣೆಯನ್ನೋ ಕೈಗೆ ಬಳಿದುಕೊಂಡು ಒಡೆಯುತ್ತಾರೆ. ಬಿಳಿಯಾಗಿ, ಇಡಿಯಾಗಿ ಬಂದ ತಿರುಳಿಗೆ ಪೇಟೆಯಲ್ಲಿ ಒಂದು ಬೆಲೆ, ತುಂಡಾದದ್ದಕ್ಕೆ ಇನ್ನೊಂದು. ಆದ್ದರಿಂದ ಬೆರಳು ಎಷ್ಟು ಚುರುಕೋ ಅಷ್ಟೇ ಮೃದುವಾಗಿಯೂ ಇರಬೇಕು. ಈ ಕೌಶಲವನ್ನು 'ಹೆಂಗಸರ ಕೈ ಹದ' ಎಂದು ಹೊಗಳುತ್ತಾರೆ, ಹೊಗಳಿಕೆಗೆ ಖರ್ಚಿಲ್ಲ.

ಇಲ್ಲಿ ಸಮಾನ ವೇತನದ ಕಾಯದೆ ಏನು ಮಾಡುತ್ತದೆ? ಸಂವಿಧಾನದ ಮೂವತ್ತೊಂಬತ್ತನೆಯ ವಿಧಿ ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂದಿತು. ೧೯೭೬ರಲ್ಲಿ ಅದಕ್ಕೆಂದೇ ಕಾಯದೆಯಾಯಿತು. ಈಗ ಅದು ೨೦೧೯ರ ವೇತನ ಸಂಹಿತೆಯೊಳಗೆ ಸೇರಿ, ೨೦೨೫ರ ನವೆಂಬರ್ ೨೧ರಿಂದ ಆ ಸಂಹಿತೆ ಜಾರಿಯಲ್ಲಿದೆ. ಎಲ್ಲದರಲ್ಲಿಯೂ ಮಾತು ಒಂದೇ: 'ಅದೇ ಕೆಲಸ ಅಥವಾ ಅದರಂಥ ಕೆಲಸ'ಕ್ಕೆ ಭೇದ ಮಾಡಬಾರದು. ಆದರೆ ಹುರಿಯುವ ಮನೆಯಲ್ಲಿ ಹೆಂಗಸನ್ನೂ ಒಡೆಯುವ ಸಾಲಿನಲ್ಲಿ ಗಂಡಸನ್ನೂ ಕೂರಿಸದೆ ಇದ್ದರೆ 'ಅದೇ ಕೆಲಸ' ಹುಟ್ಟುವುದೇ ಇಲ್ಲ. ಕಾಯದೆ ಬಾಗಿಲಲ್ಲಿ ನಿಂತು, ಒಳಗೆ ತಪ್ಪೇನೂ ಕಾಣದೆ, ಹಿಂದಿರುಗುತ್ತದೆ. ಭೇದವಿರುವುದು ಕೂಲಿಯ ದರದಲ್ಲಿ ಅಲ್ಲ, ಕೆಲಸವನ್ನು ಹಂಚಿದ ರೀತಿಯಲ್ಲಿ. ವರದಿಯ ನಮೂನೆಯಲ್ಲಿ ನಾನು ಒಂದು ಪ್ರಶ್ನೆಯನ್ನು ಸೇರಿಸಬಹುದಾಗಿದ್ದರೆ ಇದನ್ನೇ ಸೇರಿಸುತ್ತಿದ್ದೆ: ನಿಮ್ಮಲ್ಲಿ ತಿಂಗಳ ಸಂಬಳದವರು ಯಾರು, ತೂಕದ ಕೂಲಿಯವರು ಯಾರು?

ಹೆಸರು ಪುಸ್ತಕಕ್ಕೆ ಬಂದಮಾತ್ರಕ್ಕೆ ಎಲ್ಲವೂ ಬಂತೆಂದಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳಿದ್ದಾರೆ. ಅವರ ಹೆಸರು ಹಾಜರಿಪಟ್ಟಿಯಲ್ಲಿದೆ, ಭವಿಷ್ಯನಿಧಿಯ ಖಾತೆಯೂ ಇದೆ. ೨೦೧೬ರಲ್ಲಿ ಆ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ಐವತ್ತೆಂಟು ವಯಸ್ಸಿನ ತನಕ ತೆಗೆಯಕೂಡದೆಂಬ ನಿಯಮ ಬಂತು. ಮೂವತ್ತೈದು ನಲವತ್ತಕ್ಕೇ ಬೆನ್ನು ಸೋತು ಕೆಲಸ ಬಿಡುವವಳಿಗೆ ಐವತ್ತೆಂಟರ ಮಾತು! ಅವಳನ್ನು ಯಾರೂ ಕೇಳಿರಲಿಲ್ಲ. ಏಪ್ರಿಲ್ ೧೮ ಮತ್ತು ೧೯ರಂದು ಅವರು ಸಾವಿರಗಟ್ಟಲೆ ರಸ್ತೆಗಿಳಿದರು. ೧೯ರಂದೇ ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಎರಡು ದಿನ ರಸ್ತೆಯಲ್ಲಿ ಕೂಗಿ ಹೇಳಬೇಕಾಗಿ ಬಂದದ್ದನ್ನು ಮೊದಲೇ ಒಂದು ತಾಸು ಕುಳಿತು ಕೇಳಿದ್ದರೆ ತಿಳಿಯುತ್ತಿತ್ತು.

ನಮ್ಮ ಕರ್ಕಿ ಯಕ್ಷಗಾನದ ಊರು. ಇಲ್ಲಿಯ ಹಾಸ್ಯಗಾರ ಮನೆತನದ ಹೆಸರನ್ನು ಕೇಳದ ಕಲಾಪ್ರೇಮಿಗಳಿಲ್ಲ. ಗಂಡಸರು ಸ್ತ್ರೀವೇಷ ಕಟ್ಟಿ ದಮಯಂತಿಯಾಗಿ, ದ್ರೌಪದಿಯಾಗಿ ಮಾತನಾಡಿದ್ದನ್ನು ಕೇಳಿ ನಾವು ಕಣ್ಣೀರಿಟ್ಟಿದ್ದೇವೆ. ರಂಗದ ಮೇಲೆ ಅದು ದೊಡ್ಡ ಕಲೆ, ನಾನು ಕೈಮುಗಿಯುತ್ತೇನೆ. ಆದರೆ ಕಂಪನಿಗಳ ವರದಿಗಳನ್ನು ಓದುವಾಗ ನನಗೆ ಆಗಾಗ ಸ್ತ್ರೀವೇಷದ ನೆನಪಾಗುತ್ತದೆ. ನುಣುಪು ಕಾಗದ, ನಗುವ ಹೆಂಗಸಿನ ಚಿತ್ರ, ಅದರ ಕೆಳಗೆ 'ನಾನು ಸಬಲಳಾದೆ' ಎಂಬ ಅರ್ಥದ ಇಂಗ್ಲಿಷು. ಮಾತು ಅವಳದೆಂದು ನಂಬಬೇಕು. ಆ ವರದಿ ಅವಳಿಗೆ ಓದಲು ಬರುವ ಭಾಷೆಯಲ್ಲಿಲ್ಲ, ಅವಳ ಕೈಗೆ ಹೋಗುವುದೂ ಇಲ್ಲ.

ಶಬ್ದದ ಮಾತು ಬಂದದ್ದರಿಂದ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ೧೯೪೮ರ ಡಿಸೆಂಬರ್ ಹತ್ತರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲ ವಿಧಿಯ ಕರಡಿನಲ್ಲಿ, ಎಲ್ಲರೂ ಸ್ವತಂತ್ರರಾಗಿ ಸಮಾನರಾಗಿ ಹುಟ್ಟಿದವರು ಎನ್ನುವಲ್ಲಿ, ಗಂಡಸರಿಗೂ ಮನುಷ್ಯರಿಗೂ ಇಂಗ್ಲಿಷಿನಲ್ಲಿ ಬಳಸುವ ಒಂದೇ ಪದವನ್ನು ಹಾಕಿದ್ದರು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಎಂಬ ಗುಜರಾತಿನ ಹೆಣ್ಣುಮಗಳು ಒಪ್ಪಲಿಲ್ಲ. ಮನುಷ್ಯಜೀವಿಗಳೆಲ್ಲರೂ ಎಂಬ ಅರ್ಥ ಬರುವಂತೆ ಪದವನ್ನು ಬದಲಾಯಿಸಬೇಕೆಂದು ಹಠ ಹಿಡಿದರು, ಬದಲಾಯಿಸಿಯೂ ಬಿಟ್ಟರು. ಆ ಗುಜರಾತಿನದೇ ಇನ್ನೊಂದು ಕಥೆ: ೧೯೭೨ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ಟರು ತಲೆಹೊರೆಯ, ಬೀದಿವ್ಯಾಪಾರದ, ಮನೆಯಲ್ಲೇ ಹೊಲಿಯುವ ಹೆಂಗಸರನ್ನು ಕೂಡಿಸಿ 'ಸೇವಾ' ಎಂಬ ಕಾರ್ಮಿಕ ಸಂಘವನ್ನು ನೋಂದಾಯಿಸಲು ಹೊರಟಾಗ, 'ಮಾಲೀಕನೇ ಇಲ್ಲದವರು ಕಾರ್ಮಿಕರು ಹೇಗಾದಾರು?' ಎಂದು ಅಧಿಕಾರಿಗಳು ಆಕ್ಷೇಪಿಸಿದರು. ಕೊನೆಗೆ ಸಂಘ ನೋಂದಾವಣೆಯಾಯಿತು. ಟೊಂಕದ ಮರಳಿನ ಮೇಲೆ ಕುಳಿತವಳಿಗೂ ಮಾಲೀಕನಿಲ್ಲ.

ಮನೆಗೆ ದುಡ್ಡು ಬಂದರಾಯಿತು, ಯಾರ ಹೆಸರಿಗೆ ಬಂದರೇನು ಎಂದು ಕೇಳುವ ಗಂಡಸರು ನಮ್ಮಲ್ಲಿ ಬಹಳ. ಅವರಲ್ಲಿ ಕೆಲವರು ನನ್ನ ಸ್ನೇಹಿತರು, ಕೆಟ್ಟವರೇನಲ್ಲ. ಅವರಿಗೆ ನಾನು ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸುತ್ತೇನೆ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಅವಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಂಸಾರದ ಲೆಕ್ಕ ಅವಳ ಕೈಯಲ್ಲಿತ್ತು. ಆದ್ದರಿಂದಲೇ ಅವಳ ಮಾತು ನಡೆಯಿತು. ಪರಿಹಾರದ ಚೆಕ್ಕು ಗಂಡನ ಹೆಸರಿಗೆ ಬರುವ ಮನೆಯಲ್ಲಿ ಲಕ್ಕಮ್ಮನೇ ಇದ್ದರೂ ಏನು ಮಾಡಿಯಾಳು?

ದೂರು ಹೇಳುವ ದಾರಿಯ ಬಗ್ಗೆಯೂ ಎರಡು ಮಾತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯದೆ, ಹತ್ತು ಜನ ದುಡಿಯುವಲ್ಲಿ ಒಳಗಿನ ಸಮಿತಿಯೊಂದು ಇರಬೇಕೆನ್ನುತ್ತದೆ; ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಸಂಘಟಿತ ವಲಯದವರಿಗೂ ಅದು ತೆರೆದಿದೆ. ನಮ್ಮ ಜಿಲ್ಲೆಯ ಕೇಂದ್ರ ಕಾರವಾರ. ಹೋಗಿಬರುವುದಕ್ಕೆ ಒಂದು ದಿನದ ದುಡಿಮೆ ಬಿಡಬೇಕು, ಬಸ್ಸಿನ ಖರ್ಚು ಬೇರೆ. ಈ ಕರಾವಳಿಯಿಂದ ಮೀನನ್ನೋ ಗೇರುಬೀಜವನ್ನೋ ಕೊಳ್ಳುವ ಕಂಪನಿಗಳು ಮನಸ್ಸು ಮಾಡಿದರೆ, ತಿಂಗಳಿಗೊಂದು ದಿನ ದಂಡೆಯ ಬಳಿಯಲ್ಲಿಯೇ, ಕನ್ನಡ ಕೊಂಕಣಿ ಬಲ್ಲ ಹೆಂಗಸೊಬ್ಬಳನ್ನು ಕೂರಿಸಿ ಅಹವಾಲು ಕೇಳುವುದು ಹೆಚ್ಚಿನ ಖರ್ಚಿನ ಬಾಬಲ್ಲ. ಒಂದು ನುಣುಪು ವರದಿಯ ಮುದ್ರಣಕ್ಕಿಂತ ಕಡಿಮೆಯೇ ಆದೀತು.

ಕಂಪನಿಗಳಿಗೆ ಇಷ್ಟೆಲ್ಲ ಹೇಳಿದವನು ನನ್ನ ಪುಸ್ತಕವನ್ನೂ ತಿದ್ದಿಕೊಳ್ಳಬೇಕಷ್ಟೆ. ಕಳೆದ ಜೂನಿನಲ್ಲಿ ಒಬ್ಬಾಕೆ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಹೊರಗೆ ಜಡಿಮಳೆ. ಅರ್ಜಿಯನ್ನು ಎದುರಿಗಿಟ್ಟುಕೊಂಡು, "ನಿನ್ನ ಉದ್ಯೋಗ ಎಂತ ಬರೀಲಿ ತಂಗಿ?" ಎಂದು ಕೇಳಿದೆ. ಅವಳು ಮಗಳ ಮುಖ ನೋಡಿ ನಕ್ಕಳು. "ನಂದು ಎಂತ ಉದ್ಯೋಗ ಮಾಸ್ತರೆ, ಮೀನು ಒಣಗ್ಸೂದು, ಮಾರೂದು. ಅದ್ನೆಲ್ಲ ಬರೀತ್ರಾ? ಬರದ್ರೆ ಎಂತಾ ಆಗ್ತದೆ?" ಎಂದಳು.

ಏನಾಗುತ್ತದೆ ಎಂದು ಹೇಳಲು ನನಗೆ ತಿಳಿಯಲಿಲ್ಲ. 'ಮೀನು ಕೊಂಡು, ಉಪ್ಪು ಹಾಕಿ ಒಣಗಿಸಿ ಮಾರುವ ವ್ಯಾಪಾರ' ಎಂದು ಬರೆದೆ. ಅರ್ಜಿಯನ್ನು ಅಚ್ಚುಹಾಕಿಸಿದವರು ತಾಯಿಯ ಉದ್ಯೋಗಕ್ಕೆಂದು ಬಿಟ್ಟಿದ್ದ ಜಾಗ ಎರಡು ಬೆರಳಿನಷ್ಟು. ಅಕ್ಷರಗಳು ಅದರಲ್ಲಿ ಹಿಡಿಸದೆ ಪಕ್ಕದ ಅಂಚಿಗೆ ಹರಿದವು. ಮಗಳು ಬಗ್ಗಿ, ಬೆರಳಿಟ್ಟು, ಅದನ್ನು ತಾಯಿಗೆ ಓದಿ ಹೇಳಿದಳು.